ಮೊದಲ ಸಲ ಮುಂಬಯಿಗೆ ಹೋಗುವವರಿಗೆ: ಗಂಟೆ ನೋಡಿ, ದಿಕ್ಕು ನೋಡಿ, ಆಮೇಲೆ ಹೊರಡಿ

ಮುಂಬಯಿ ಅಂದರೆ ಹೆದರುವವರೇ ಜಾಸ್ತಿ. ಲೋಕಲ್ ರೈಲಿನ ನೂಕುನುಗ್ಗಲನ್ನು ಟಿವಿಯಲ್ಲಿ ನೋಡಿ "ಇದು ನಮ್ಮ ಕೈಲಾಗಲ್ಲ" ಅಂದುಕೊಂಡು, ಎರಡು ದಿನ ಟ್ಯಾಕ್ಸಿಯಲ್ಲೇ ಕೂತು, ಗೇಟ್‌ವೇ ಆಫ್ ಇಂಡಿಯಾ ಮುಂದೆ ಫೋಟೊ ತೆಗೆಸಿಕೊಂಡು, ಜುಹೂನಲ್ಲಿ ಭೇಲ್ ತಿಂದು ವಾಪಸ್ ಬರುವವರು ಎಷ್ಟೋ ಮಂದಿ. ನನಗೆ ಈ ಊರು ತುಂಬಾ ಇಷ್ಟ. ಅಷ್ಟು ದೂರ ಹೋಗಿ ಅದನ್ನು ಟ್ಯಾಕ್ಸಿಯ ಕಿಟಕಿಯಿಂದಷ್ಟೇ ನೋಡಿ ಬಂದರು ಅಂತ ಕೇಳಿದಾಗ ಬೇಸರವಾಗುತ್ತದೆ. ಇಲ್ಲಿ ತಿರುಗಾಡಲು ದೊಡ್ಡ ಧೈರ್ಯ ಬೇಕಿಲ್ಲ. ಈಗ ಎಷ್ಟು ಗಂಟೆ, ಈ ಹೊತ್ತಿಗೆ ಜನ ಯಾವ ಕಡೆ ಹೋಗುತ್ತಿದ್ದಾರೆ, ಇವೆರಡು ಗೊತ್ತಿದ್ದರೆ ಸಾಕು.

ಯಾಕೆ ಅಂತ ಹೇಳುತ್ತೇನೆ. ಮುಂಬಯಿ ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಚಾಚಿಕೊಂಡ ಊರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಬಂದರು, ನಡುವೆ ಸಣ್ಣ ಅಗಲದ ನೆಲ. 2011ರ ಜನಗಣತಿಯಲ್ಲೇ ಇಲ್ಲಿ 1 ಕೋಟಿ 24 ಲಕ್ಷ ಜನ ಇದ್ದರು. ಹಳೆಯ ಕಾಲದಿಂದ ಆಫೀಸುಗಳು ದಕ್ಷಿಣದ ತುದಿಯಲ್ಲಿ, ಮನೆಗಳು ಉತ್ತರದಲ್ಲಿ. ಹಾಗಾಗಿ ಬೆಳಿಗ್ಗೆ ಇಡೀ ಊರು ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಉತ್ತರಕ್ಕೆ. ಈಚೆಗೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಅಂಧೇರಿ ಕಡೆ ಆಫೀಸುಗಳು ಬಂದಿರುವುದರಿಂದ ನಡುವಿನ ಸ್ಟೇಷನ್‌ಗಳಲ್ಲಿ ಎರಡೂ ದಿಕ್ಕಿಗೆ ಗರ್ದಿ ಇರುತ್ತದೆ, ನಿಜ. ಆದರೂ ಮೂಲ ಲೆಕ್ಕ ಇದೇ. ನಿಮ್ಮ ದಿನವನ್ನು ಈ ಹರಿವಿಗೆ ಎದುರಾಗಿ ಜೋಡಿಸಿಕೊಂಡರೆ ಅರ್ಧ ಕಷ್ಟ ಅಲ್ಲೇ ಮುಗಿಯಿತು.

ಟಿಕೆಟ್ ಮೇಲೆ ಯಾವ ಸ್ಟೇಷನ್ ಇದೆ ನೋಡಿ

"ಮುಂಬಯಿ" ಅಂತ ಒಂದೇ ಸ್ಟೇಷನ್ ಇಲ್ಲ. ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ದಕ್ಷಿಣದ ತುದಿಯ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಹೋಗುತ್ತದೆ. ಮಂಗಳೂರಿನ ಮತ್ಸ್ಯಗಂಧ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತದೆ. ಅದು ಕುರ್ಲಾ ಹತ್ತಿರ, ಜನ ಎಲ್‌ಟಿಟಿ ಅನ್ನುತ್ತಾರೆ. ಎರಡಕ್ಕೂ ಒಳ್ಳೆಯ ದೂರವಿದೆ. ಕೆಲವು ಸಲ ಕೆಲಸ ನಡೆಯುತ್ತಿದೆ ಅಂತ ಸಿಎಸ್‌ಎಂಟಿಗೆ ಹೋಗಬೇಕಾದ ರೈಲನ್ನು ಠಾಣೆಯಲ್ಲೋ ದಾದರ್‌ನಲ್ಲೋ ನಿಲ್ಲಿಸುವುದುಂಟು. ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಬೆಂಗಳೂರು ಕಡೆಯ ರೈಲುಗಳು ಸಾಮಾನ್ಯವಾಗಿ ಕಲ್ಯಾಣ್, ಠಾಣೆ, ದಾದರ್ ದಾಟಿಕೊಂಡು ಬರುತ್ತವೆ. ಉಳಿಯುವ ಜಾಗ ಎಲ್ಲಿದೆ ಅಂತ ನೋಡಿ ಮುಂಚೆಯೇ ಇಳಿಯುವುದು ಒಳ್ಳೆಯದು. ಕರಾವಳಿಯಿಂದ ಕೊಂಕಣ ರೈಲ್ವೆಯಲ್ಲಿ ಬರುವವರು ನವಿ ಮುಂಬಯಿಗೆ ಹೋಗುವುದಿದ್ದರೆ ಪನ್ವೇಲ್‌ನಲ್ಲೇ ಇಳಿಯಬಹುದು. ಈ ಕೊಂಕಣ ಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೆ ಮುಂಚೆ ನಮ್ಮ ಕರಾವಳಿಯ ಹುಡುಗರು ಬಸ್ಸಿನಲ್ಲಿ ಹಗಲೂ ರಾತ್ರಿ ಕೂತು ಬೊಂಬಾಯಿಗೆ ಹೋಗುತ್ತಿದ್ದರು. ಹಿರಿಯರನ್ನು ಕೇಳಿ ನೋಡಿ, ಆ ಘಟ್ಟದ ತಿರುವುಗಳನ್ನು ಇವತ್ತಿಗೂ ಮರೆತಿಲ್ಲ.

ವಿಮಾನದಲ್ಲಿ ಬರುವವರಿಗೆ ಈಗ ದೊಡ್ಡ ಅನುಕೂಲ ಆಗಿದೆ. ನೆಲದಡಿಯ ಮೆಟ್ರೊ 3ನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಶುರುವಾಯಿತು. ಊರೊಳಗಿನ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್ ಹತ್ತಿರ ಸ್ಟೇಷನ್ ಇದೆ. ಅಲ್ಲಿ ಹತ್ತಿದರೆ ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್ ದಾಟಿ ಕಫ್ ಪರೇಡ್‌ವರೆಗೆ ತಂಪಾಗಿ ಕೂತು ಹೋಗಬಹುದು. ರಸ್ತೆಯಲ್ಲಿ ಆಫೀಸ್ ಹೊತ್ತಲ್ಲಿ ಇದೇ ದೂರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳೋಕಾಗಲ್ಲ.

ಉಳಿಯುವ ಜಾಗ

ಎರಡೇ ಜಾಗ ಹೇಳುತ್ತೇನೆ. ಒಂದು, ಸಿಎಸ್‌ಎಂಟಿ ಸುತ್ತಮುತ್ತಲ ಫೋರ್ಟ್ ಪ್ರದೇಶ. ನೋಡುವ ಬಹಳಷ್ಟು ಜಾಗಗಳು ನಡೆದು ಹೋಗುವಷ್ಟು ದೂರದಲ್ಲಿವೆ, ಬೆಳಿಗ್ಗೆ ಉತ್ತರಕ್ಕೆ ಹೋಗುವ ಲೋಕಲ್‌ನಲ್ಲಿ ಸೀಟೂ ಸಿಗುತ್ತದೆ. ಇನ್ನೊಂದು ದಾದರ್ ಅಥವಾ ಮಾಟುಂಗಾ. ಪಶ್ಚಿಮ ಮತ್ತು ಮಧ್ಯ ರೈಲ್ವೆ ಎರಡೂ ಕೂಡುವ ಜಾಗ ದಾದರ್. ಅಲ್ಲಿಂದ ಈ ಎರಡೂ ಮಾರ್ಗದಲ್ಲಿ ಎಲ್ಲಿಗೆ ಬೇಕಾದರೂ ಒಂದೇ ರೈಲು.

ರೂಮಿನ ಬಗ್ಗೆ ಆಸೆ ಕಡಿಮೆ ಇಟ್ಟುಕೊಳ್ಳಿ. ನಮ್ಮೂರಲ್ಲಿ ಕೊಡುವ ದುಡ್ಡಿಗೆ ಇಲ್ಲಿ ಸಿಗುವುದು ಮಂಚ ಹಾಕಿದರೆ ಮುಗಿಯುವಷ್ಟು ಕೋಣೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಬಾತ್‌ರೂಮ್ ಒಳಗೇ ಇದೆಯಾ, ಕಿಟಕಿ ಇದೆಯಾ, ಚೆಕ್‌ಔಟ್ ಎಷ್ಟು ಗಂಟೆಗೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಲಿಫ್ಟ್ ಇದೆಯಾ ಅಂತಲೂ ಕೇಳಿ. ಹಳೆಯ ಕಟ್ಟಡಗಳ ಮರದ ಮೆಟ್ಟಿಲು ತುಂಬಾ ಕಡಿದಾಗಿರುತ್ತದೆ.

ಲೋಕಲ್ ಹತ್ತುವುದನ್ನು ಮೊದಲು ಕಲಿಯಿರಿ

ಇದಕ್ಕೆ ಸ್ವಲ್ಪ ಸಮಯ ಕೊಡಿ. ಇದನ್ನು ಕಲಿತವರಿಗೆ ಇಡೀ ಊರು ತೆರೆದುಕೊಳ್ಳುತ್ತದೆ. ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಇಲ್ಲೇ, 1853ರ ಏಪ್ರಿಲ್ 16ರಂದು, ಬೋರಿಬಂದರ್‌ನಿಂದ ಠಾಣೆಗೆ. ಇವತ್ತಿನ ಲೋಕಲ್ ಆ ಹಾದಿಯಲ್ಲೇ ಹೋಗುತ್ತದೆ.

ಮೂರು ಮುಖ್ಯ ಮಾರ್ಗಗಳು ನೆನಪಿದ್ದರೆ ಸಾಕು. ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿ, ವಿರಾರ್ ಕಡೆಗೆ. ಮಧ್ಯ ಮಾರ್ಗ ಸಿಎಸ್‌ಎಂಟಿಯಿಂದ ದಾದರ್, ಕುರ್ಲಾ, ಠಾಣೆ, ಕಲ್ಯಾಣ್ ಕಡೆಗೆ. ಹಾರ್ಬರ್ ಮಾರ್ಗ ಸಿಎಸ್‌ಎಂಟಿಯಿಂದ ವಡಾಲಾ, ಕುರ್ಲಾ, ವಾಶಿ ಮೂಲಕ ಪನ್ವೇಲ್‌ಗೆ. ಹೆಸರಿನಲ್ಲಿ ಮೋಸ ಹೋಗಬೇಡಿ: ಮಾಟುಂಗಾ ಮಧ್ಯ ಮಾರ್ಗದಲ್ಲಿದೆ, ಮಾಟುಂಗಾ ರೋಡ್ ಪಶ್ಚಿಮ ಮಾರ್ಗದಲ್ಲಿದೆ. ದಾದರ್‌ನಲ್ಲಿ ಮೊದಲು ಎರಡೂ ರೈಲ್ವೆಗೆ ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಇತ್ತು, ಹೊಸಬರು ಪೇಚಾಡುತ್ತಿದ್ದರು. 2023ರ ಡಿಸೆಂಬರ್‌ನಿಂದ ಸರಣಿ ಒಂದೇ ಆಗಿದೆ. 1ರಿಂದ 7 ಪಶ್ಚಿಮ, 8ರಿಂದ ಮುಂದಕ್ಕೆ ಮಧ್ಯ.

ಈಗ ಕ್ರಮವಾಗಿ.

ಟಿಕೆಟ್: ಸೆಕೆಂಡ್ ಕ್ಲಾಸಿನ ಕನಿಷ್ಠ ದರ 5 ರೂಪಾಯಿ. ಕೌಂಟರ್‌ನ ಸಾಲಿನಲ್ಲಿ ನಿಲ್ಲಬಹುದು, ಸ್ಟೇಷನ್‌ನ ಟಿಕೆಟ್ ಯಂತ್ರದಲ್ಲಿ ತೆಗೆದುಕೊಳ್ಳಬಹುದು, ರೈಲ್ವೆಯ ಆ್ಯಪ್‌ನಲ್ಲೂ ಆಗುತ್ತದೆ. ಆ್ಯಪ್ ಆದರೆ ಸ್ಟೇಷನ್ ಒಳಗೆ ಕಾಲಿಡುವ ಮುಂಚೆಯೇ ಟಿಕೆಟ್ ಮಾಡಿಕೊಳ್ಳಿ. ಬಹಳ ಓಡಾಟ ಇದ್ದರೆ ಕೌಂಟರ್‌ನಲ್ಲಿ ಟೂರಿಸ್ಟ್ ಟಿಕೆಟ್ ಕೇಳಿ. 1, 3, 5 ದಿನಕ್ಕೆ ಸಿಗುತ್ತದೆ, ಮೂರೂ ಮಾರ್ಗಕ್ಕೆ ನಡೆಯುತ್ತದೆ.

ಬೋರ್ಡ್: ಪ್ಲಾಟ್‌ಫಾರ್ಮ್ ಮೇಲೆ ತೂಗುವ ಇಂಡಿಕೇಟರ್‌ನಲ್ಲಿ ರೈಲು ಕೊನೆಗೆ ಎಲ್ಲಿಗೆ ಹೋಗುತ್ತದೆ, ಎಷ್ಟು ಗಂಟೆಗೆ, ಸ್ಲೋನಾ ಫಾಸ್ಟಾ, 12 ಡಬ್ಬಿಯಾ 15 ಡಬ್ಬಿಯಾ ಅನ್ನುವುದು ಇರುತ್ತದೆ. ಸ್ಲೋ ಎಲ್ಲ ಕಡೆ ನಿಲ್ಲುತ್ತದೆ. ಫಾಸ್ಟ್ ದೊಡ್ಡ ಸ್ಟೇಷನ್‌ಗಳಲ್ಲಿ ಮಾತ್ರ. ಮೊದಲ ಸಲ ಹೋಗುವವರು ಸ್ಲೋ ಹತ್ತಿ. ಹತ್ತು ನಿಮಿಷ ಜಾಸ್ತಿ ಆದರೂ ನಿಮ್ಮ ಸ್ಟೇಷನ್ ತಪ್ಪುವುದಿಲ್ಲ.

ಡಬ್ಬಿ: ಪ್ಲಾಟ್‌ಫಾರ್ಮ್‌ನಲ್ಲಿ ಕೆಂಪು ಹಳದಿ ಪಟ್ಟೆ ಕಂಡ ಕಡೆ ಫಸ್ಟ್ ಕ್ಲಾಸ್ ಬಂದು ನಿಲ್ಲುತ್ತದೆ. ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಅಲ್ಲಿ ಹತ್ತಿದರೆ ದಂಡ. ಹೆಂಗಸರಿಗೆ ಬೇರೆ ಡಬ್ಬಿ ಇದೆ, ಒಬ್ಬರೇ ಹೋಗುವವರು ಅದನ್ನೇ ಹಿಡಿಯಿರಿ. ರಾತ್ರಿ ಹೊತ್ತು ಅದರಲ್ಲಿ ಪೊಲೀಸರೂ ಇರುತ್ತಾರೆ. ಗಂಡ ಹೆಂಡತಿ ಬೇರೆ ಬೇರೆ ಡಬ್ಬಿಯಲ್ಲಿ ಹೋಗುವುದಾದರೆ ಎಲ್ಲಿ ಇಳಿಯಬೇಕು, ಇಳಿದ ಮೇಲೆ ಯಾವ ಸೇತುವೆಯ ಕೆಳಗೆ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಎಸಿ ಲೋಕಲ್‌ಗೆ ಟಿಕೆಟ್ ಬೇರೆ, ದರ ಜಾಸ್ತಿ, ಬಾಗಿಲು ತಾನೇ ಮುಚ್ಚುತ್ತದೆ. ಚಿಕ್ಕ ಮಕ್ಕಳಿದ್ದರೆ ಅದೇ ಒಳ್ಳೆಯದು.

ಹೊತ್ತು: ಬೆಳಿಗ್ಗೆ 8ರಿಂದ 11 ದಕ್ಷಿಣಕ್ಕೆ ಹೋಗಬೇಡಿ. ಸಂಜೆ 5ರಿಂದ 9 ಉತ್ತರಕ್ಕೆ ಹೋಗಬೇಡಿ. ಈ ಒಂದು ನಿಯಮ ಪಾಲಿಸಿದರೆ ಟಿವಿಯಲ್ಲಿ ನೋಡಿದ ಆ ಮುಂಬಯಿ ನಿಮಗೆ ಎದುರಾಗುವುದೇ ಅಪರೂಪ. ವಿರಾರ್ ಫಾಸ್ಟ್ ಅನ್ನು ಮಾತ್ರ ಗರ್ದಿ ಹೊತ್ತಲ್ಲಿ ಮುಟ್ಟಲೇಬೇಡಿ. ಅದು ದೂರದವರ ರೈಲು. ನಡುವೆ ಇಳಿಯುತ್ತೇನೆ ಅಂದರೆ ಬಾಗಿಲವರೆಗೆ ಬರುವುದೇ ಆಗುವುದಿಲ್ಲ.

ಇಳಿಯುವುದು: ಹತ್ತುವುದಕ್ಕಿಂತ ಇದು ಮುಖ್ಯ. ಬಹಳ ಸ್ಟೇಷನ್‌ಗಳಲ್ಲಿ ರೈಲು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಒಳಗೆ "ಪುಢೀಲ್ ಸ್ಟೇಷನ್ ದಾದರ್, ಅಗಲಾ ಸ್ಟೇಷನ್ ದಾದರ್, ನೆಕ್ಸ್ಟ್ ಸ್ಟೇಷನ್ ದಾದರ್" ಅಂತ ಮೂರು ಭಾಷೆಯಲ್ಲಿ ಹೇಳುತ್ತಾರೆ. ಅದನ್ನು ಕೇಳಿ ಏಳೋಣ ಅಂದರೆ ತಡವಾಯಿತು. ಎರಡು ಸ್ಟೇಷನ್ ಮೊದಲೇ ಎದ್ದು ಬಾಗಿಲ ಕಡೆ ಸರಿಯಿರಿ. ಮುಂದೆ ನಿಂತವರ ಹೆಗಲು ಮುಟ್ಟಿ "ದಾದರ್?" ಅನ್ನಿ. ಅವರೂ ಇಳಿಯುವವರಾದರೆ ತಲೆ ಆಡಿಸುತ್ತಾರೆ, ಅವರ ಬೆನ್ನಿಗೇ ನಿಂತರಾಯಿತು. ಇಳಿಯುವವರಲ್ಲವಾದರೆ ಹೇಗೋ ಮೈ ಓರೆ ಮಾಡಿ ನಿಮ್ಮನ್ನು ಮುಂದೆ ಬಿಡುತ್ತಾರೆ. ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತದೆ ಅಂತಲೂ ಅವರೇ ಬೆರಳು ತೋರಿಸುತ್ತಾರೆ. ಆ ಗದ್ದಲದ ನಡುವೆ ಇಷ್ಟು ಶಿಸ್ತು ಇದೆ ಅಂತ ಗೊತ್ತಾದಾಗ ಈ ಊರಿನ ಮೇಲೆ ಗೌರವ ಹುಟ್ಟುತ್ತದೆ.

ಮೂವರು ಕೂರುವ ಬೆಂಚಿನಲ್ಲಿ ನಾಲ್ವರು ಕೂರುವುದು ಇಲ್ಲಿನ ಒಪ್ಪಂದ. ನಾಲ್ಕನೆಯವರು ತುದಿಯಲ್ಲಿ ಅರ್ಧ ಕೂತಿರುತ್ತಾರೆ. "ಸ್ವಲ್ಪ ಸರೀರಿ" ಅಂತ ಯಾರಾದರೂ ಕೈಸನ್ನೆ ಮಾಡಿದರೆ ಸರಿದು ಕೂತುಕೊಳ್ಳಿ. ನಿಮ್ಮನ್ನು ಎಲ್ಲಿ ಇಳಿಯುತ್ತೀರಿ ಅಂತ ಕೇಳಿದರೆ, ನೀವು ಎದ್ದ ಮೇಲೆ ಆ ಸೀಟು ಅವರದ್ದು ಅಂತ ಅರ್ಥ. ಬೆಳಗಿನ ಕೆಲವು ಡಬ್ಬಿಗಳಲ್ಲಿ ಭಜನೆ ಮಂಡಳಿಗಳಿರುತ್ತವೆ. ತಾಳ ಹಿಡಿದು, ಡಬ್ಬಿಯ ಗೋಡೆ ಬಡಿದು ಹಾಡುತ್ತಾರೆ. ಹೆಂಗಸರ ಡಬ್ಬಿಯಲ್ಲಿ ಸಂಜೆ ಹೊತ್ತು ರಾತ್ರಿ ಅಡುಗೆಗೆ ಸೊಪ್ಪು ಬಿಡಿಸುವವರು, ಬಟಾಣಿ ಸುಲಿಯುವವರು ಕಾಣುತ್ತಾರೆ.

ಬಾಗಿಲಲ್ಲಿ ನೇತಾಡಬೇಡಿ, ಹಳಿ ದಾಟಬೇಡಿ. ಈ ಹಳಿಗಳ ಮೇಲೆ ವರ್ಷಕ್ಕೆ 2000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಳ್ಳುತ್ತಾರೆ. ಮೇಲ್ಸೇತುವೆ ಎಷ್ಟು ದೂರವಿದ್ದರೂ ಹತ್ತಿಯೇ ಹೋಗಿ. ಒಂದು ರೈಲು ಬಿಟ್ಟರೆ ನಾಲ್ಕೈದು ನಿಮಿಷಕ್ಕೆ ಇನ್ನೊಂದು ಬರುತ್ತದೆ.

ಮೊದಲ ದಿನ: ದಕ್ಷಿಣದಲ್ಲಿ ನಡೆಯಿರಿ

ಬೆಳಿಗ್ಗೆ ಬೇಗ ಸಿಎಸ್‌ಎಂಟಿ ಎದುರಿನ ಫುಟ್‌ಪಾತ್‌ಗೆ ಬನ್ನಿ. 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿದ ಕಟ್ಟಡ ಇದು. ನಕ್ಷೆ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರದು. ಗೇಟಿನ ಎರಡು ಕಂಬಗಳ ಮೇಲೆ ನೋಡಿ, ಒಂದರಲ್ಲಿ ಸಿಂಹ, ಇನ್ನೊಂದರಲ್ಲಿ ಹುಲಿ. ಸಿಂಹ ಬ್ರಿಟನ್‌ಗೆ, ಹುಲಿ ಭಾರತಕ್ಕೆ. ಕತ್ತು ಎತ್ತಿ ಗೋಡೆ ನೋಡುತ್ತಾ ಹೋದರೆ ನವಿಲು, ಕೋತಿ, ಎಲೆ, ಬಳ್ಳಿ, ಒಂದೊಂದೂ ಕಲ್ಲಿನಲ್ಲಿ. ನಿಮ್ಮ ಪಕ್ಕದಲ್ಲೇ ಸಾವಿರಾರು ಜನ ತಲೆ ತಗ್ಗಿಸಿ ಓಡುತ್ತಿರುತ್ತಾರೆ. ಅವರ ದಾರಿ ಬಿಟ್ಟು ಒಂದು ಪಕ್ಕಕ್ಕೆ ನಿಂತು ನೋಡಿ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆಯಿರಿ. ಕಮಾನುಗಳ ಕೆಳಗಿನ ನೆರಳಿನಲ್ಲೇ ಹುತಾತ್ಮ ಚೌಕದವರೆಗೆ ಹೋಗಬಹುದು. ಅಲ್ಲಿಂದ ಬಲಕ್ಕೆ ತಿರುಗಿ ಓವಲ್ ಮೈದಾನ. ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಂತರೆ ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ 19ನೇ ಶತಮಾನದ ಗೋಥಿಕ್ ಕಟ್ಟಡಗಳು. ಪಶ್ಚಿಮಕ್ಕೆ ತಿರುಗಿದರೆ ದುಂಡು ಬಾಲ್ಕನಿಯ, ತಿಳಿ ಬಣ್ಣದ ಆರ್ಟ್ ಡೆಕೊ ಮನೆಗಳು. ಇವೆರಡೂ ಸೇರಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು.

ಉತ್ತರ ಕರ್ನಾಟಕದ ಓದುಗರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು ಅಂತ ನನ್ನ ಆಸೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ರಾಜಧಾನಿ ಇದೇ ಊರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆಗುವ ಮುಂಚೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದದ್ದು ಈ ಮುಂಬಯಿ ವಿಶ್ವವಿದ್ಯಾಲಯ. ಮೇಲ್ಮನವಿ ಹಾಕಬೇಕಾದರೆ ಬರಬೇಕಾಗಿದ್ದು ಈ ಹೈಕೋರ್ಟಿಗೆ. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜನ ಸರ್ಟಿಫಿಕೇಟೋ ಜಮೀನಿನ ಕಾಗದವೋ ಇದ್ದರೆ ಅದರ ಮೇಲೆ ಈ ಊರಿನ ಹೆಸರು ಇದ್ದೀತು.

ಕೆಲಸದ ದಿನವಾದರೆ ಹನ್ನೊಂದರಿಂದ ಹನ್ನೊಂದೂವರೆ ಹೊತ್ತಿಗೆ ಚರ್ಚ್‌ಗೇಟ್ ಸ್ಟೇಷನ್ ಹೊರಗೆ ಬನ್ನಿ. ಮನೆಯ ಊಟವನ್ನು ಆಫೀಸುಗಳಿಗೆ ಮುಟ್ಟಿಸುವ ಡಬ್ಬಾವಾಲಾಗಳು ಉದ್ದನೆಯ ಮರದ ತಟ್ಟೆಗಳಲ್ಲಿ ಊಟದ ಡಬ್ಬಿ ಹೊತ್ತು ಇಳಿಯುವ ಹೊತ್ತು ಅದು. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕಿಗಳಿರುತ್ತವೆ. ಯಾವ ಸ್ಟೇಷನ್‌ನಿಂದ ಬಂತು, ಯಾವ ಕಟ್ಟಡದ ಯಾವ ಮಹಡಿಗೆ ಹೋಗಬೇಕು ಅನ್ನುವುದು ಅಷ್ಟರಲ್ಲೇ ಇರುತ್ತದೆ. ದೂರದಿಂದ ನೋಡಿ. ಮಾತಾಡಿಸಿ ಫೋಟೊ ಕೇಳಬೇಡಿ, ಅವರಿಗೆ ಒಂದು ನಿಮಿಷ ಅಂದರೆ ಒಬ್ಬರ ಊಟ ತಡ.

ಮಧ್ಯಾಹ್ನದ ಬಿಸಿಲಿಗೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಒಳಗೆ ಹೋಗಿ. ಆಮೇಲೆ ಗೇಟ್‌ವೇ. 1911ರಲ್ಲಿ ಐದನೇ ಜಾರ್ಜ್ ದೊರೆ ಬಂದ ನೆನಪಿಗೆ ಅಂತ ಕಟ್ಟಿದ್ದು, ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನಿಕರು ಇದೇ ಕಮಾನಿನ ಕೆಳಗಿಂದ ಹಡಗು ಹತ್ತಿ ಹೋದರು.

ಸೂರ್ಯ ಮುಳುಗುವ ಮುಂಚೆ ಮರೀನ್ ಡ್ರೈವ್ ಸೇರಿಕೊಳ್ಳಿ, ಒಂಬತ್ತರವರೆಗೆ ಅಲ್ಲೇ ಕೂತಿರಿ. ಸಮುದ್ರದ ಕಡೆಗಿನ ಕಟ್ಟೆಯ ಮೇಲೆ ಎಲ್ಲರೂ ಕೂರುತ್ತಾರೆ. ಕಾಲೇಜಿನವರು, ಆಫೀಸು ಮುಗಿಸಿದವರು, ಮನೆಯಲ್ಲಿ ಕೂತು ಮಾತಾಡಲು ಜಾಗವಿಲ್ಲದ ಹೊಸ ಜೋಡಿಗಳು. ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ನೂರು ಚದರಡಿಯ ಖೋಲಿಯಲ್ಲಿ ಸಂಸಾರ ಮಾಡುವವರಿಗೆ ಈ ಕಟ್ಟೆಯೇ ಜಗಲಿ. ನೀವು ದಾದರ್ ಕಡೆ ವಾಪಸ್ ಹೋಗಬೇಕಾದವರಾದರೆ ಒಂಬತ್ತರ ಹೊತ್ತಿಗೆ ಚರ್ಚ್‌ಗೇಟ್‌ನ ಗರ್ದಿಯೂ ಇಳಿದಿರುತ್ತದೆ.

ಒಂದು ಬೆಳಗು ಮಾಟುಂಗಾಗೆ

ಕನ್ನಡಿಗರು ಮಾಟುಂಗಾ ನೋಡದೆ ಬಂದರೆ ಮುಂಬಯಿ ಪೂರ್ತಿ ನೋಡಿದ ಹಾಗಲ್ಲ. ಮಧ್ಯ ಮಾರ್ಗದ ಮಾಟುಂಗಾ ಸ್ಟೇಷನ್‌ನಲ್ಲಿ ಇಳಿಯಿರಿ. 2017ರಿಂದ ಈ ಸ್ಟೇಷನ್ ನಡೆಸುವವರೆಲ್ಲ ಮಹಿಳೆಯರೇ. ಪೂರ್ವದ ಕಡೆ ಹೊರಬಂದರೆ ಮಲ್ಲಿಗೆ, ಬಾಳೆಎಲೆ, ವೀಳ್ಯದೆಲೆ, ತೆಂಗಿನಕಾಯಿ ಮಾರುವ ಅಂಗಡಿಗಳು. ಫಿಲ್ಟರ್ ಕಾಫಿಯ ವಾಸನೆ ಬೇರೆ.

ತಿಂಡಿಗೆ ಕೆಫೆ ಮದ್ರಾಸ್ ಅಥವಾ ರಾಮ ಆಶ್ರಯ, ಎರಡೂ ಸ್ವಾತಂತ್ರ್ಯಕ್ಕೆ ಮುಂಚಿನವು. ಹೊರಗೆ ಹೆಸರು ಬರೆಸಿ ಕಾಯಬೇಕು. ಅಪರಿಚಿತರ ಜೊತೆ ಒಂದೇ ಟೇಬಲ್‌ನಲ್ಲಿ ಕೂರಬೇಕಾಗುತ್ತದೆ, ಅದಕ್ಕೆ ಸಂಕೋಚ ಬೇಡ. ಕೆಫೆ ಮದ್ರಾಸ್‌ನಲ್ಲಿ ರಸಂ ವಡೆ, ರಾಮ ಆಶ್ರಯದಲ್ಲಿ ಪೈನಾಪಲ್ ಶಿರಾ. ಭಾನುವಾರ ಬೆಳಿಗ್ಗೆ ಸಾಲು ರಸ್ತೆಗೆ ಬಂದಿರುತ್ತದೆ, ವಾರದ ದಿನ ಎಂಟರ ಒಳಗೆ ಹೋದರೆ ಆರಾಮ. ಸೋಮವಾರ ಕೆಲವು ಕಡೆ ರಜೆ ಇರುವುದುಂಟು.

ಮಧ್ಯಾಹ್ನದ ಊಟಕ್ಕೆ ಸ್ಟೇಷನ್ ಪಕ್ಕದಲ್ಲೇ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಜನ ರಾಮಾ ನಾಯಕ್ ಅಂತಲೇ ಕರೆಯುತ್ತಾರೆ. ಕಾರ್ಕಳ ಕಡೆಯಿಂದ ಬಂದ ಎ. ರಾಮಾ ನಾಯಕರು 1942ರಲ್ಲಿ ಶುರು ಮಾಡಿದ್ದು. ಮೊದಲು ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಿ, ನಂಬರ್ ಕೂಗುವವರೆಗೆ ಕಾಯಿರಿ. ಹಸಿವಿದ್ದರೆ ಬಾಳೆಎಲೆ ಊಟ. ಬಡಿಸುವವರು ಹೆಚ್ಚಾಗಿ ನಮ್ಮ ಕಡೆಯವರೇ. ಕನ್ನಡದಲ್ಲೋ ತುಳುವಿನಲ್ಲೋ "ಸ್ವಲ್ಪ ಸಾರು" ಅಂದು ನೋಡಿ, "ಯಾವೂರು ನಿಮ್ದು?" ಅನ್ನುವ ಪ್ರಶ್ನೆ ಬರುತ್ತದೆ. ಅವರ ಕೈಯಲ್ಲಿ ಬಕೆಟ್ ಇರುತ್ತದೆ, ಹಿಂದೆ ಹತ್ತು ಎಲೆ ಕಾಯುತ್ತಿರುತ್ತವೆ. ಉತ್ತರ ಚಿಕ್ಕದಾಗಿರಲಿ.

ಈ ಹೋಟೆಲುಗಳ ಹಿಂದೆ ಒಂದು ದೊಡ್ಡ ಬದುಕಿನ ಕಥೆ ಇದೆ. ಉಡುಪಿ, ಕುಂದಾಪುರ, ಕಾರ್ಕಳದ ಹಳ್ಳಿಗಳಿಂದ ಹನ್ನೆರಡು ಹದಿಮೂರು ವರ್ಷದ ಹುಡುಗರು ಬಂದು ಹಗಲು ಲೋಟ ತೊಳೆದು, ರಾತ್ರಿ ಕನ್ನಡದ ನೈಟ್ ಸ್ಕೂಲಿನಲ್ಲಿ ಓದಿದರು. ಆ ರಾತ್ರಿ ಶಾಲೆಗಳಲ್ಲಿ ಓದಿಯೇ ಎಷ್ಟೋ ಜನ ಬ್ಯಾಂಕು ಸೇರಿದರು, ವಕೀಲರಾದರು, ತಮ್ಮದೇ ಹೋಟೆಲ್ ಹಾಕಿದರು. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ನೀವು ಕೌಂಟರ್‌ನಲ್ಲಿ ನೋಡುವ ಹಿರಿಯರಲ್ಲಿ ಆ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತವರು ಇನ್ನೂ ಇದ್ದಾರೆ. ಗಿರಾಕಿ ಕಡಿಮೆ ಇರುವ ಮೂರು ಗಂಟೆ ಹೊತ್ತಿಗೆ ಹೋಗಿ ಮಾತಾಡಿಸಿ. ಅವರು ಹೇಳುವುದನ್ನು ಯಾವ ಗೈಡೂ ಹೇಳಲಾರ.

ಅಲ್ಲೇ ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ. ಪಶ್ಚಿಮಕ್ಕೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಇದೆ. ನಾಟಕ, ಉಪನ್ಯಾಸ, ಯಕ್ಷಗಾನ, ತಾಳಮದ್ದಲೆ ಏನಾದರೊಂದು ನಡೆಯುತ್ತಿರುತ್ತದೆ. ಮುಂಬಯಿಯಲ್ಲೇ ಬರುವ ಕನ್ನಡ ಪತ್ರಿಕೆ ಕರ್ನಾಟಕ ಮಲ್ಲದ ಒಂದು ಪ್ರತಿ ಕೊಂಡರೆ ಆ ವಾರದ ಕಾರ್ಯಕ್ರಮಗಳು ತಿಳಿಯುತ್ತವೆ. ಗಣೇಶ ಚೌತಿ ಹೊತ್ತಿಗೆ ಹೋದವರು ಕಿಂಗ್ಸ್ ಸರ್ಕಲ್‌ನಲ್ಲಿ ಜಿಎಸ್‌ಬಿ, ಅಂದರೆ ಗೌಡ ಸಾರಸ್ವತ ಬ್ರಾಹ್ಮಣ ಸಮಾಜದವರು ಕೂರಿಸುವ ಗಣಪತಿಯನ್ನು ನೋಡಿ. ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಬೇಕು.

ಸಮುದ್ರದ ಕಡೆ

ಬೆಳಗಿನ ಜಾವ ಏಳಬಲ್ಲವರು ಕೊಲಾಬಾದ ಸಸೂನ್ ಡಾಕ್‌ಗೆ ಹೋಗಿ. 1875ರ ಹಡಗುಕಟ್ಟೆ. ಸೂರ್ಯ ಹುಟ್ಟುವ ಹೊತ್ತಿಗೆ ದೋಣಿಗಳಿಂದ ಬುಟ್ಟಿಗಳು ಕೈಯಿಂದ ಕೈಗೆ ಹಾರುತ್ತವೆ, ಇಲ್ಲಿನ ಮೀನುಗಾರ ಸಮುದಾಯವಾದ ಕೋಳಿ ಜನರ ಹೆಂಗಸರು ಹರಾಜು ಕೂಗುತ್ತಾರೆ. ನಮ್ಮ ಅಂಜಲ್ ಅನ್ನು ಇಲ್ಲಿ ಸುರ್ಮಯಿ ಅಂತ ಕೇಳಬೇಕು, ಬಂಗುಡೆಗೆ ಬಾಂಗಡಾ. ನೆಲ ಪೂರ್ತಿ ನೀರು, ಹಳೆಯ ಚಪ್ಪಲಿ ಹಾಕಿಕೊಳ್ಳಿ. ಕೇಳದೆ ಕ್ಯಾಮೆರಾ ಎತ್ತಬೇಡಿ.

ಗುಹಾ ದೇವಾಲಯಗಳಿರುವ ದ್ವೀಪ ಎಲಿಫೆಂಟಾ, ಅಂದರೆ ಘಾರಾಪುರಿಗೆ ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ. ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ, ನೀರು ತೆಗೆದುಕೊಳ್ಳಿ, ಮೆಟ್ಟಿಲು ಹತ್ತುವಾಗ ಕೈಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ, ಕೋತಿಗಳು ಬಿಡುವುದಿಲ್ಲ. ಹೊರಗಿನ ಬಿಸಿಲಿಂದ ಒಳಗೆ ಬಂದ ಕೂಡಲೇ ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ನೆ ನಿಲ್ಲಿ. ಕತ್ತಲಿಂದ ಮೂರು ಮುಖದ ಸದಾಶಿವ ನಿಧಾನವಾಗಿ ಮೂಡಿ ಬರುತ್ತಾನೆ, ಸುಮಾರು 20 ಅಡಿ ಎತ್ತರ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಬಂದು ಪಶ್ಚಿಮ ಸಮುದ್ರದ ಪುರಿ ಅನ್ನುವ ನಗರ ಗೆದ್ದ ಅಂತ ಐಹೊಳೆಯ 634ರ ಶಾಸನ ಹೇಳುತ್ತದೆ. ಆ ಪುರಿ ಇದೇ ದ್ವೀಪ ಅನ್ನುವ ಇತಿಹಾಸಕಾರರಿದ್ದಾರೆ. ಐಹೊಳೆ ನೋಡಿದವರು ಅದನ್ನು ನೆನೆಸಿಕೊಂಡು ಇಲ್ಲಿ ನಿಂತರೆ ಮೈ ಜುಮ್ಮೆನ್ನುತ್ತದೆ.

ಸಮಯ ಉಳಿದರೆ ವಾಲ್ಕೇಶ್ವರದ ಬಾಣಗಂಗಾ ಕೆರೆ. ಸಮುದ್ರಕ್ಕೆ ಅಂಟಿಕೊಂಡಂತಿದ್ದರೂ ನೀರು ಸಿಹಿ. ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಭರತದ ಹೊತ್ತು, ಅಂದರೆ ಸಮುದ್ರ ಉಕ್ಕುವಾಗ, ಮುಳುಗುತ್ತದೆ, ಇಳಿತದ ಹೊತ್ತು ನೋಡಿ ಹೋಗಿ.

ಹೊಟ್ಟೆಗೆ, ಓಡಾಟಕ್ಕೆ

ವಡಾ ಪಾವ್ ಅನ್ನು ಎಣ್ಣೆಯಿಂದ ಬಿಸಿಬಿಸಿ ತೆಗೆಯುವ ಗಾಡಿಯಲ್ಲೇ ತಿನ್ನಿ, ಸಾಲಿರುವ ಗಾಡಿ ನಂಬಬಹುದು. ಅರ್ಧ ಲೋಟ ಚಹಾಕ್ಕೆ "ಕಟಿಂಗ್" ಅನ್ನಿ. ಮರೀನ್ ಲೈನ್ಸ್ ಹತ್ತಿರದ ಕಯಾನಿ 1904ರ ಇರಾನಿ ಹೋಟೆಲ್. ಬ್ರುನ್ ಮಸ್ಕಾವನ್ನು, ಅಂದರೆ ಬೆಣ್ಣೆ ಹಚ್ಚಿದ ಗಟ್ಟಿ ಬನ್ನನ್ನು, ಚಹಾದಲ್ಲಿ ಅದ್ದಿ ತಿನ್ನಬೇಕು, ಒಣಗಿದ್ದನ್ನು ಕಚ್ಚಿದರೆ ಹಲ್ಲಿಗೆ ಕಷ್ಟ. ಮೀನು ತಿನ್ನುವವರಿಗೆ ಫೋರ್ಟ್‌ನಲ್ಲಿ ಮಹೇಶ್ ಲಂಚ್ ಹೋಮ್, ಅಪೂರ್ವ. ನೀರುದೋಸೆ, ಗಸಿ ಎರಡೂ ಸಿಗುತ್ತದೆ. ಬೇರೆ ಉಡುಪಿ ಹೋಟೆಲುಗಳಲ್ಲಿ ಸಾಂಬಾರು ಸಿಹಿ ಇರುತ್ತದೆ, ಮೈಸೂರು ಮಸಾಲೆ ದೋಸೆಯ ಒಳಗೆ ತರಕಾರಿ ಪಲ್ಯ ಬರಬಹುದು. ಅದು ಇಲ್ಲಿನ ರುಚಿ, ಅದನ್ನೂ ತಿಂದು ನೋಡಿ.

ಆಟೋಗಳು ಮಾಹೀಮ್, ಸಯನ್‌ನಿಂದ ದಕ್ಷಿಣಕ್ಕೆ ಬರುವಂತಿಲ್ಲ. ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿ, ಕೆಂಪು ಬೆಸ್ಟ್ ಬಸ್ಸು. ಆಟೋ, ಟ್ಯಾಕ್ಸಿ ಎರಡರಲ್ಲೂ ಮೀಟರ್ ಹಾಕುವುದು ಇಲ್ಲಿನ ರೂಢಿ. 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರ್‌ಗೆ ಆಟೋ 26, ಟ್ಯಾಕ್ಸಿ 31 ರೂಪಾಯಿ. ಮಧ್ಯರಾತ್ರಿಯಿಂದ ಬೆಳಿಗ್ಗೆ 5ರವರೆಗೆ ಕಾಲು ಭಾಗ ಜಾಸ್ತಿ. ದೊಡ್ಡ ರೈಲು ಸ್ಟೇಷನ್‌ಗಳ ಬಾಗಿಲಲ್ಲಿ ಮೀಟರ್ ಬೇಡ ಅನ್ನುವವರು ಸಿಗುತ್ತಾರೆ. ನೂರು ಹೆಜ್ಜೆ ನಡೆದು ರಸ್ತೆಯಲ್ಲಿ ಹಿಡಿಯಿರಿ.

ಮಳೆಗಾಲದಲ್ಲಿ ಹೋಗುವುದಾದರೆ

ಮೊದಲ ಸಲಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ಆದರೆ ಎರಡು ವಿಷಯ ನೋಡಿ: ಮಳೆ ಎಚ್ಚರಿಕೆ ಮತ್ತು ಭರತದ ಹೊತ್ತು. ಜೋರು ಮಳೆ ಸುರಿಯುವಾಗಲೇ ಸಮುದ್ರ ಉಕ್ಕಿದರೆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಊರೊಳಗೇ ನಿಲ್ಲುತ್ತದೆ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಈ ಊರು ಮರೆತಿಲ್ಲ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇ ಬೇಗ ತುಂಬುತ್ತವೆ. ಅಂಥ ದಿನ ದೂರ ಹೋಗಬೇಡಿ. ಮರೀನ್ ಡ್ರೈವ್‌ನ ಕಟ್ಟೆ ದಾಟಿ ಕಲ್ಲುಗಳ ಮೇಲೆ ಇಳಿಯಬೇಡಿ. ಲೋಕಲ್ ನಿಂತರೆ ಸ್ಟೇಷನ್‌ನಲ್ಲೇ ಇರಿ, ಹಳಿಯ ಮೇಲೆ ನಡೆದು ಹೋಗುವವರ ಹಿಂದೆ ಹೋಗಬೇಡಿ. ಇಂಥ ಹೊತ್ತಲ್ಲಿ ಚಹಾ, ಬಿಸ್ಕತ್ತು ಹಂಚುವವರು, ಮನೆಯೊಳಗೆ ಕರೆದು ಕೂರಿಸುವವರು ಈ ಊರಲ್ಲಿ ಬಹಳ.

ವಾಪಸ್ ಹೊರಡುವ ದಿನ

ಲಗೇಜ್ ಹಿಡಿದು ಲೋಕಲ್ ಹತ್ತುವುದಾದರೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 4ರ ಒಳಗೆ ಮುಗಿಸಿಕೊಳ್ಳಿ. ರಾತ್ರಿ ರೈಲಿದ್ದರೂ ಹೀಗೇ ಮಾಡಿ, ಸಾಮಾನನ್ನು ದೊಡ್ಡ ಸ್ಟೇಷನ್‌ನ ಕ್ಲೋಕ್‌ರೂಮಿನಲ್ಲಿ ಇಟ್ಟು ತಿರುಗಾಡಿ. ಅದಕ್ಕೆ ಚೀಲಗಳಿಗೆ ಬೀಗ ಇರಬೇಕು, ಪ್ರಯಾಣದ ಟಿಕೆಟ್ ತೋರಿಸಬೇಕು. ಎಲ್‌ಟಿಟಿಗೆ ಹೋಗುವವರು ಹಾರ್ಬರ್ ಮಾರ್ಗದ ತಿಲಕ್ ನಗರದಲ್ಲಿ ಇಳಿದು ನಡೆದುಕೊಂಡು ಹೋಗಬಹುದು. ಕುರ್ಲಾದಲ್ಲಿ ಇಳಿದು ಆಟೋ ಹುಡುಕುವುದಕ್ಕಿಂತ ಅದು ಸುಲಭ. ಸಂಜೆ ಹೊತ್ತು ಟ್ಯಾಕ್ಸಿಯಲ್ಲೇ ಹೋಗಬೇಕಾದರೆ ಫೋರ್ಟ್‌ನಿಂದ ಎರಡು ಗಂಟೆ ಮೊದಲು ಹೊರಡಿ. ದಾದರ್‌ನಲ್ಲಿ ದೂರದ ರೈಲು ಹತ್ತುವವರು ಡಬ್ಬಿ ಎಲ್ಲಿ ಬರುತ್ತದೆ ಅಂತ ಮೊದಲೇ ಕೇಳಿಕೊಂಡು ಆ ಜಾಗದಲ್ಲೇ ನಿಲ್ಲಿ. ಅಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ.